ನಾಲ್ಕನೆಯ ಚಮಚ

ನಾಲ್ಕನೆಯ ಚಮಚಕ್ಕೆ ಮುದುಕಿ ‘ಸಾಕು’ ಎಂದಳು. ಅವನು ನಿಲ್ಲಿಸಿದ.

ಬಟ್ಟಲಲ್ಲಿ ಗಂಜಿ ಇನ್ನೂ ಮುಕ್ಕಾಲು ಪಾಲು ಉಳಿದಿತ್ತು. ಅದನ್ನು ಪಕ್ಕದ ಮೇಜಿನ ಮೇಲಿಟ್ಟು, ಮುದುಕಿಯ ಗಲ್ಲ ಒರೆಸಿ, ಮಂಚದ ಕಾಲಿನ ಬಳಿ ತೂಗುತ್ತಿದ್ದ ಹಲಗೆಯನ್ನು ಕೈಗೆತ್ತಿಕೊಂಡ. ಹಲಗೆಗೆ ಸಿಕ್ಕಿಸಿದ ಹಾಳೆಯಲ್ಲಿ ಹೊತ್ತಿಗೆ ಮೂರರಂತೆ ಬಟ್ಟಲಿನ ಚಿತ್ರಗಳಿದ್ದವು: ಎಲ್ಲ ಉಳಿದದ್ದು, ಅರ್ಧ ಉಳಿದದ್ದು, ಖಾಲಿಯಾದದ್ದು. ಭಾಷೆ ಬಾರದವರೂ ಗುರುತು ಹಾಕಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡು. ಮುಕ್ಕಾಲಿಗೆ ಚಿತ್ರವಿರಲಿಲ್ಲ. ಅವನು ಅರ್ಧಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ದಿನವೂ ಬರೆಯುವಂತೆ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದ: ತಾವೇ ಸಾಕೆಂದರು.

ಮುದುಕಿಯ ಬಾಯಿ ಅರೆ ತೆರೆದೇ ಇತ್ತು. ವಯಸ್ಸಾದವರ ದವಡೆ ಸಡಿಲವಾಗಿರುತ್ತದೆ. ಇಲ್ಲಿಗೆ ಬರುವ ಮೊದಲು ಅದನ್ನೂ ಅವನು ಓದಿಕೊಂಡಿದ್ದ.

ಇವತ್ತು ಹದಿನಾಲ್ಕನೆಯ ದಿನ. ರಾತ್ರಿ ವಿಮಾನ. ಸೆಮಿಸ್ಟರ್ ರಜೆಯಲ್ಲಿ ಹೊರದೇಶಕ್ಕೆ ಹೋಗಿ ಎರಡು ವಾರ ಸೇವೆ ಮಾಡಿ ಬರುವ ಕಾಲೇಜಿನ ತಂಡದಲ್ಲಿ ಹನ್ನೆರಡು ವಿದ್ಯಾರ್ಥಿಗಳು, ಜೊತೆಗೆ ಒಬ್ಬರು ಮೇಡಂ. ಸೇವೆ ಈ ವೃದ್ಧಾಶ್ರಮದಲ್ಲಿ. ಆಶ್ರಮ ಎನ್ನಲು ನಾಲಿಗೆ ಹೊರಳದಷ್ಟು ಚೊಕ್ಕಟವಾದ ಮೂರಂತಸ್ತಿನ ಕಟ್ಟಡ. ನೆಲ ಒರೆಸುವ ಔಷಧಿಯ ವಾಸನೆ ಬಿಟ್ಟರೆ ಇನ್ನೊಂದು ವಾಸನೆ ಇಲ್ಲ.

ಅವನಿಗೆ ಸೇವೆಯ ಹುಚ್ಚೇನೂ ಇರಲಿಲ್ಲ. ಮುಂದಿನ ಓದಿಗೆ ಅರ್ಜಿ ಹಾಕುವಾಗ ಜೊತೆಗಿಡಲು ಒಂದು ಒಳ್ಳೆಯ ಶಿಫಾರಸು ಪತ್ರ ಬೇಕಿತ್ತು. ಮನೆಯಿಂದ ಎರಡು ವಾರ ದೂರ ಇರಬೇಕಿತ್ತು. ಬಂದ ಎರಡನೆಯ ದಿನವೇ ತಂಡದ ಹುಡುಗಿಯರು ಮುದುಕಿಯರನ್ನು ತಬ್ಬಿಕೊಂಡು ಅತ್ತರು. ಹುಡುಗರು ಅಳದಿರಲು ಕಷ್ಟಪಟ್ಟು ಅದು ಕಾಣುವಂತೆ ನೋಡಿಕೊಂಡರು. ಕಿಟಕಿ ಒರೆಸುವ ಕೆಲಸಕ್ಕೆ ಬಿದ್ದಿದ್ದ ಅವನಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂದು ಮಾತ್ರ ಅನ್ನಿಸಿತು.

ಮೂರನೆಯ ದಿನ ಮಧ್ಯಾಹ್ನದಿಂದ ಏಳನೆಯ ನಂಬರಿನ ಮಂಚದ ಮುದುಕಿಗೆ ಮೂರು ಹೊತ್ತೂ ಉಣ್ಣಿಸುವ ಕೆಲಸ ಅವನ ಪಾಲಿಗೆ ಬಂತು. ನಾಲ್ಕನೆಯ ಚಮಚಕ್ಕೆ ಅವಳು ಅವನ ಮುಖವನ್ನೇ ನೆಟ್ಟ ನೋಟದಿಂದ ನೋಡಿ, ‘ಸಾಕು’ ಎಂದಳು.

ಅವನ ಎದೆ ಝಲ್ಲೆಂದಿತು. ತಲೆಬುಡ ತಿಳಿಯದ ಮಾತುಗಳ ನಡುವೆ ಮನೆಯ ಪದ! ಅದೂ ತನ್ನನ್ನು ನೋಡಿ, ತನಗೇ ಹೇಳಿದ್ದು. ಕಾಕತಾಳೀಯ ಇರಬಹುದು, ಎರಡು ಭಾಷೆಗಳಲ್ಲಿ ಒಂದೇ ಸದ್ದು, ಒಂದೇ ಅರ್ಥ. ಇರಲಿ. ಆ ಹೊತ್ತಿಗೆ ಅವನಿಗೆ ನಿಜವಾಗಿ ಏನೋ ಅನ್ನಿಸಿತು. ಬಟ್ಟಲನ್ನು ಕೆಳಗಿಟ್ಟ.

ಮೊದಲ ದಿನದ ತರಬೇತಿಯಲ್ಲಿ ಹೇಳಿದ ಮೊದಲ ಪಾಠವೂ ಅದೇ ಆಗಿತ್ತು. ಒತ್ತಾಯ ಕೂಡದು; ಅವರು ಬೇಡವೆಂದರೆ ಬೇಡ; ಅದೇ ಗೌರವ. ತಂಡದಲ್ಲಿ ಅದನ್ನು ಬರೆದುಕೊಂಡವನು ಅವನೊಬ್ಬನೇ.

ಆ ರಾತ್ರಿ ಅವನು ಬರೆದ ವರದಿಯನ್ನು ಮೇಡಂ ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಅವರು ಭಾಷೆಯ ಅಧ್ಯಾಪಕಿ, ಕೊನೆಯ ಸಾಲನ್ನು ಎರಡೆರಡು ಸಲ ಓದಿದರು. ಮರುದಿನ ಅವನು ಮುದುಕಿಗೆ ಉಣ್ಣಿಸುವುದನ್ನು ತಂಡದ ಲೀಡರ್ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದ. ಅವತ್ತಿನಿಂದ ಅವನಿಗೆ ‘ಮೊಮ್ಮಗ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಶಿಫಾರಸು ಪತ್ರದ ಮಾತೆತ್ತಿದಾಗ ಮೇಡಂ, “ನಿನಗಾ? ಕಣ್ಮುಚ್ಕೊಂಡು ಬರ್ಕೊಡ್ತೀನಿ” ಎಂದರು.

ಇವತ್ತು ಬೆಳಿಗ್ಗೆ ಅವನು ಮುಕ್ಕಾಲು ಉಳಿದ ಬಟ್ಟಲು ಎತ್ತಿಕೊಂಡು ಹೊರಟಾಗ ದೊಡ್ಡ ನರ್ಸ್ ಕಾರಿಡಾರಿನಲ್ಲಿ ಎದುರಾದಳು. ಈ ಮಹಡಿಯಲ್ಲಿ ಇಂಗ್ಲಿಷ್ ಬರುವುದು ಅವಳೊಬ್ಬಳಿಗೇ.

“ಏಳನೇ ನಂಬರಿನ ಸಾಮಾನು ಒಂದು ಕಡೆ ಕಟ್ಟಿಡ್ತೀಯಾ ಮಗು? ಡಾಕ್ಟರು ನಾಲ್ಕು ಗಂಟೆಗೆ ಬಂದು ಸಹಿ ಹಾಕ್ತಾರೆ. ಆಮೇಲೆ ಕೊನೇ ಕೋಣೆಗೆ.”

“ಕೊನೇ ಕೋಣೆ ಅಂದ್ರೆ?”

“ಕಾರಿಡಾರಿನ ಕೊನೇದು.”

ಅವನು ನಿಂತೇ ಇದ್ದುದನ್ನು ನೋಡಿ ಅವಳು ದನಿ ತಗ್ಗಿಸಿದಳು. “ಅಲ್ಲಿ ಅವರಿಗೆ ಏನೂ ತೊಂದ್ರೆ ಕೊಡಲ್ಲ. ಚುಚ್ಚಲ್ಲ, ತಿನ್ನಿ ಅನ್ನಲ್ಲ. ಆಗಾಗ ತುಟಿ ಒದ್ದೆ ಮಾಡ್ತೀವಿ, ಅಷ್ಟೆ.”

“ಯಾಕೆ?”

“ಊಟ ಬಿಟ್ಟಿದಾರಲ್ಲ. ನೀವು ಬಂದಾಗಿಂದ ಮೂರು ಕೆಜಿ ಇಳಿದಿದಾರೆ. ಈ ವಯಸ್ಸಲ್ಲಿ ಊಟ ಬಿಟ್ರೆ ಹೊರಟು ನಿಂತಿದಾರೆ ಅಂತಲೇ ಅರ್ಥ. ನೀನೇ ದಿನಾ ಬರೆದಿದೀಯಲ್ಲ, ಅದನ್ನ ನೋಡಿಯೇ ನಾನು ಡಾಕ್ಟರಿಗೆ ಹೇಳಿದ್ದು.”

ಅವನು ತಲೆಯಾಡಿಸಿದ. ಮುಖದಲ್ಲಿ ಇರಬೇಕಾದಷ್ಟು ದುಃಖ ಇದೆಯೆಂದು ಅವನಿಗೆ ಖಾತ್ರಿಯಿತ್ತು. ಅವಳು ಆಚೆ ಹೋಗುವ ಮೊದಲೇ ಕೊನೆಯ ವರದಿಯ ಮೊದಲ ವಾಕ್ಯ ತಲೆಯಲ್ಲಿ ಮೂಡತೊಡಗಿತು. ಬದುಕಿಗೇ ಸಾಕು ಎಂದವಳ ಬಗ್ಗೆ. ವಾಕ್ಯ ಚೆನ್ನಾಗಿತ್ತು.

ಮುದುಕಿಯ ಸಾಮಾನು ಹೆಚ್ಚೇನಿರಲಿಲ್ಲ. ಮುಂದೆ ಗುಂಡಿಯಿರುವ ಎರಡು ನಿಲುವಂಗಿ, ಹಲ್ಲು ಮುರಿದ ಬಾಚಣಿಗೆ, ಕಾಲುಚೀಲದೊಳಗೆ ಸುತ್ತಿಟ್ಟ ಕೈಗನ್ನಡಿ. ಚೀಲಕ್ಕೆ ತುಂಬುತ್ತಿದ್ದಾಗ ಅವನ ಫೋನು ಬಡಿದುಕೊಂಡಿತು. ಅಮ್ಮ.

“ತಿಂಡಿ ಆಯ್ತೇನೋ?”

“ಆಯ್ತು.”

“ನಿನ್ನ ವಿಡಿಯೋ ನೋಡ್ದೆ. ಅತ್ತೆ, ಚಿಕ್ಕಮ್ಮ, ಎಲ್ಲರಿಗೂ ತೋರ್ಸಿದೀನಿ. ಪಾಪ, ಆ ಅಜ್ಜಿ ಎಷ್ಟು ಮುದ್ದಾಗಿ ಸಾಕು ಅಂತಾರೆ.”

“ಹೂಂ.”

“ಅಲ್ಲ ಕಣೋ, ಸಾಕು ಅಂದ ತಕ್ಷಣ ಬಟ್ಟಲು ಕೆಳಗಿಟ್ಟುಬಿಟ್ಯಲ್ಲ?”

“ಮತ್ತೇನು ಮಾಡ್ಬೇಕಿತ್ತು?”

“ಇನ್ನೊಂದೇ ಒಂದು ತುತ್ತು ಅನ್ಬೇಕಪ್ಪ. ನೀನು ಬೇಡ ಬೇಡ ಅಂದ್ರೂ ತುರುಕಿ ತುರುಕಿ ಬೆಳೆಸಿದೀನಿ ನಿನ್ನ.”

“ಅದು ಒತ್ತಾಯ ಅಮ್ಮ. ಇಲ್ಲಿ ಹಾಗೆಲ್ಲ ಮಾಡೋ ಹಾಗಿಲ್ಲ.”

“ಒತ್ತಾಯವಂತೆ! ಆಯ್ತಪ್ಪ, ದೊಡ್ಡೋರಾಗಿದೀರಿ” ಎಂದು ಅಮ್ಮ ನಕ್ಕಳು.

ಅವನಿಗೆ ರೇಗಿತು. ಅವರ ಮನೆಯಲ್ಲಿ ‘ಸಾಕು’ ಎಂಬುದು ಚೌಕಾಸಿಯ ಮೊದಲ ಮಾತು ಮಾತ್ರ. ಅಂದಷ್ಟೂ ಬಡಿಸುತ್ತಿದ್ದರು. ಒಬ್ಬ ಮನುಷ್ಯ ಬಾಯಿಬಿಟ್ಟು ಹೇಳಿದ್ದನ್ನು ಹೇಳಿದಂತೆಯೇ ಕೇಳಿಸಿಕೊಳ್ಳುವ ಜನ ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಇಲ್ಲಿ ತಾನು ಕೇಳಿಸಿಕೊಂಡಿದ್ದೇನೆ ಎಂದುಕೊಂಡ. ಚೀಲದ ಬಾಯಿ ಕಟ್ಟಿದ.

ಮಧ್ಯಾಹ್ನ ಒಂದು ಗಂಟೆಗೆ ದುಭಾಷಿ ಬಂದಳು. ಮಧ್ಯವಯಸ್ಸಿನ, ಮಾತಿಗಿಂತ ಮೊದಲು ನಗುವ ಹೆಂಗಸು; ಇಂಗ್ಲಿಷ್ ಬಲ್ಲಳು, ನಮ್ಮ ಭಾಷೆ ಬಾರದು. ಅವಳನ್ನು ಗೊತ್ತುಮಾಡಿದ್ದು ಮೊದಲ ದಿನಕ್ಕೆ ಮತ್ತು ಕೊನೆಯ ದಿನಕ್ಕೆ ಮಾತ್ರ. ನಡುವಿನ ದಿನಗಳಿಗೆ ಹೃದಯದ ಭಾಷೆ ಇದ್ದೇ ಇದೆಯಲ್ಲ ಎಂದು ಮೇಡಂ ತೀರ್ಮಾನಿಸಿದ್ದರು.

ಕೆಳಗಿನ ಸಭಾಂಗಣದಲ್ಲಿ ಅವನು ಸ್ಟೂಲು ಹತ್ತಿ ಬ್ಯಾನರಿನ ದಾರ ಬಿಗಿಯುತ್ತಿದ್ದ. ಮಧ್ಯಾಹ್ನದ ಬೀಳ್ಕೊಡುಗೆಗೆ ಲೀಡರ್ ಇಟ್ಟ ಹೆಸರೇ ‘ಸಾಕು: ಒಂದು ಪದ, ಎರಡು ದೇಶ’. ಮೇಲೆ ನಮ್ಮ ಲಿಪಿ, ಕೆಳಗೆ ಇಲ್ಲಿಯ ಲಿಪಿ. ಈ ಪದ ನಿಮ್ಮಲ್ಲಿ ಹೇಗೆ ಬರೆಯುತ್ತೀರಿ ಎಂದು ಲೀಡರ್ ಗೇಟಿನ ಕಾವಲುಗಾರನನ್ನು ಸನ್ನೆಯಲ್ಲಿ ಕೇಳಿದ್ದ. ಕಾವಲುಗಾರ ಬಿದ್ದು ಬಿದ್ದು ನಕ್ಕು ಬರೆದುಕೊಟ್ಟಿದ್ದ. ಅವನ ನಗುವನ್ನು ಎಲ್ಲರೂ ಸ್ನೇಹವೆಂದುಕೊಂಡಿದ್ದರು.

ದುಭಾಷಿಯೂ ಬ್ಯಾನರು ನೋಡಿ ನಕ್ಕಳು. “ಇದನ್ನ ಯಾರು ಬರೆಸಿದ್ದು? ಇಷ್ಟು ದೊಡ್ಡ ಅಕ್ಷರದಲ್ಲಿ!”

“ಯಾಕೆ? ನಿಮ್ಮಲ್ಲೂ ಅದೇ ಅರ್ಥ ತಾನೆ?”

“ಯಾವ ಅರ್ಥ?”

“ಹೊಟ್ಟೆ ತುಂಬಿತು. ಇನ್ನು ಬೇಡ.”

“ಅಯ್ಯೋ, ಅಲ್ಲಪ್ಪ.” ಅವಳಿಗೆ ತಮಾಷೆ ಅನ್ನಿಸಿತ್ತು. “ಇದು ದೊಡ್ಡೋರ ಮಾತೇ ಅಲ್ಲ. ಪುಸ್ತಕದಲ್ಲೂ ಸಿಗಲ್ಲ. ಹಲ್ಲು ಬರದ ಮಕ್ಕಳು ಅಮ್ಮನ ಹತ್ರ ಕೇಳೋದು. ಇನ್ನೊಂದು ಚಮಚ. ಇನ್ನೂ ಹಾಕು. ಹೀಗೆ.”

ಅವಳು ಗಲ್ಲ ಮೇಲೆತ್ತಿ, ಕೊನೆಯ ಅಕ್ಷರವನ್ನು ಪ್ರಶ್ನೆಯಂತೆ ಎಳೆದು, “ಸಾಕೂ?” ಎಂದಳು. ಅನಂತರ ಮಗುವಿನ ಹಾಗೆ ಬಾಯಿ ತೆರೆದುಕೊಂಡೇ ಇದ್ದಳು.

ಥೇಟ್ ಮುದುಕಿಯದೇ ಎಳೆತ.

“ವಯಸ್ಸಾದವರು ಹಾಗನ್ನಲ್ವಾ?” ಎಂದು ಕೇಳಿದ. ಅವನ ದನಿ ಅವನಿಗೇ ದೂರದಿಂದ ಕೇಳಿಸಿತು.

“ಬುದ್ಧಿ ಮಗುವಿನ ಥರ ಆದ್ರೆ ಅಂತಾರೇನೋ. ಯಾಕೆ? ಯಾರಾದ್ರೂ ಅಂದ್ರಾ?”

“ಇಲ್ಲ. ಸುಮ್ನೆ ಕೇಳ್ದೆ.”

ಅವಳು ಭಾಷಣದ ಪ್ರತಿ ಹುಡುಕಿಕೊಂಡು ಹೋದಳು. ಅವನು ಸ್ಟೂಲಿನ ಮೇಲೆಯೇ ನಿಂತಿದ್ದ. ಮೂರನೆಯ ದಿನದ ಮಧ್ಯಾಹ್ನದಿಂದ ಇವತ್ತಿನ ಬೆಳಗಿನವರೆಗೆ ಮೂವತ್ತಮೂರು ಸಲ ಮುದುಕಿ ಇನ್ನೊಂದು ಚಮಚ ಎಂದಿದ್ದಳು. ಮೂವತ್ತಮೂರು ಸಲ ಅವನು ಗೌರವದಿಂದ ಬಟ್ಟಲು ಕೆಳಗಿಟ್ಟು, ಅವಳ ತೆರೆದ ಬಾಯಿ ಒರೆಸಿ, ಅವಳು ಬೇಡವೆಂದಳೆಂದು ಬರೆದಿದ್ದ.

ಮೊದಲು ಬಂದದ್ದು ಮರುಕವಲ್ಲ, ಅವಮಾನ. ಅವಳು ತನ್ನ ಜೊತೆ ಮಾತಾಡಿರಲೇ ಇಲ್ಲ. ಚಮಚ ಹಿಡಿದ ಕೈ ಯಾರದಾಗಿದ್ದರೂ ಅದನ್ನೇ ಅನ್ನುತ್ತಿದ್ದಳು. ಈ ಹದಿನಾಲ್ಕು ದಿನಗಳಲ್ಲಿ, ಬಹುಶಃ ಅದಕ್ಕೂ ಹಿಂದಿನ ಎಷ್ಟೋ ದಿನಗಳಲ್ಲಿ, ತನ್ನದೆಂದು ಅನ್ನಿಸಿದ್ದು ಆ ಒಂದು ಪದ. ಅದೂ ಕೈಬಿಟ್ಟುಹೋಯಿತು. ಮರುಕ ಆಮೇಲೆ, ಬಸ್ಸಿನ ಹಿಂದೆ ಓಡಿಬಂದವರಂತೆ ಏದುಸಿರು ಬಿಡುತ್ತ ಬಂತು. ಅವಳು ಹಸಿದಿದ್ದಾಳೆ. ನಾಲ್ಕು ಗಂಟೆಗೆ ಡಾಕ್ಟರು ಬರುತ್ತಾರೆ.

ಅವನು ಸ್ಟೂಲಿನಿಂದ ಇಳಿದು ಅಡುಗೆಮನೆಗೆ ಹೋದ. ಮಧ್ಯಾಹ್ನದ ಟ್ರೇಗಳು ಕಟ್ಟೆಯ ಮೇಲೆ ಮಂಚದ ನಂಬರಿನ ಪ್ರಕಾರ ಸಾಲಾಗಿದ್ದವು. ಆರರ ಪಕ್ಕದಲ್ಲಿ ಎಂಟು. ಅವನು ಬೆರಳುಗಳಲ್ಲಿ ಏಳು ತೋರಿಸಿದ. ಅಡುಗೆಯವನು ಗೋಡೆಯ ಪಟ್ಟಿಯಲ್ಲಿ ಹೊಡೆದುಹಾಕಿದ ಸಾಲಿನತ್ತ ಕೈಮಾಡಿ, ಎದೆಯ ಮೇಲೆ ಅಂಗೈಯಿಟ್ಟು ಪಾಪ ಎನ್ನುವಂತೆ ತಲೆಯಾಡಿಸಿದ. ಅವನು ಬಾಯಿಗೆ ಚಮಚವಿಡುವಂತೆ ಸನ್ನೆ ಮಾಡಿದ. ಅಡುಗೆಯವನ ಮುಖ ಅರಳಿತು. ಡಬ್ಬಿಯಿಂದ ಒಂದು ಬನ್ನು ತೆಗೆದು ಅವನ ಕೈಗಿಟ್ಟು ಬೆನ್ನು ತಟ್ಟಿದ.

ಬನ್ನು ಹಿಡಿದು ಮೆಟ್ಟಿಲು ಹತ್ತಿದ. ನರ್ಸಿಗೆ ಹೇಗೆ ಹೇಳುವುದು, ಎಲ್ಲಿಂದ ಶುರುಮಾಡುವುದು, ‘ನಾನು’ ಎಂದೋ ‘ನಮ್ಮಿಂದ’ ಎಂದೋ, ವಾಕ್ಯ ಜೋಡಿಸುತ್ತ ಹತ್ತಿದ. ಮೇಲೆ ತಲುಪಿದಾಗ ಕೈ ಬರಿದಾಗಿತ್ತು. ಅದನ್ನು ಮುದುಕಿಗೆ ಕೊಡಬಹುದಿತ್ತೆಂದು ಹೊಳೆದದ್ದು ಕೊನೆಯ ತುಂಡು ಗಂಟಲಿಳಿದ ಮೇಲೆ.

ದೊಡ್ಡ ನರ್ಸ್ ತನ್ನ ಮೇಜಿನಲ್ಲಿ ಕಡತ ಬರೆಯುತ್ತಿದ್ದಳು.

“ಏಳನೇ ನಂಬರಿಗೆ ಊಟ ಬಂದಿಲ್ಲ” ಎಂದ.

“ನಿಲ್ಲಿಸಿದೀವಿ.”

“ಹಸಿವಾಗಿರ್ಬಹುದು.”

ಅವಳು ಪೆನ್ನು ಕೆಳಗಿಟ್ಟಳು. “ಬರೋ ಪ್ರತಿ ತಂಡದಲ್ಲೂ ಒಬ್ಬರು ಕೊನೇ ದಿನ ಹೀಗೆ ಬಂದು ನಿಲ್ತಾರೆ. ಬಿಟ್ಟುಹೋಗೋಕೆ ಮನಸ್ಸು ಬರಲ್ಲ.”

“ಹಾಗಲ್ಲ. ಅವರು ಕೇಳ್ತಿದಾರೇನೋ ಅಂತ.”

“ಊಟ ಕೇಳಿದ್ರಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಎರಡಕ್ಷರ. ಆದರೆ ಅವಳು ಮುಂದೆ ‘ಯಾವಾಗಿಂದ?’ ಎಂದು ಕೇಳುತ್ತಾಳೆ. ಅವನ ಅಕ್ಷರದ ಮೂವತ್ತಮೂರು ಸಾಲುಗಳು ಅವಳ ಮೊಣಕೈ ಕೆಳಗೇ ಇದ್ದವು.

“ಗೊತ್ತಿಲ್ಲ” ಎಂದ.

“ನಿನ್ನ ಕೈಲಾದಷ್ಟು ಚೆನ್ನಾಗಿ ನೋಡ್ಕೊಂಡಿದೀಯ. ನಿನ್ನ ತಪ್ಪೇನಿಲ್ಲ ಮಗು.”

ಅವನ ಕಣ್ಣಲ್ಲಿ ನೀರು ಬಂತು. ಎರಡು ವಾರ ಕಾದರೂ ಬಾರದ್ದು ಈಗ ತಾನಾಗಿ ಬಂತು. ನರ್ಸ್ ಎದ್ದು ಅವನ ಭುಜ ಸವರಿ, ಕಾಗದದ ಕರವಸ್ತ್ರ ಕೊಟ್ಟಳು. ಅವನು ಕಣ್ಣೊರೆಸಿಕೊಂಡ. ಹಾಯೆನಿಸಿತು, ಹಾಯೆನಿಸಿದ್ದಕ್ಕೆ ಹೇಸಿಗೆಯೂ ಆಯಿತು.

ಏಳನೆಯ ಮಂಚದ ಮುಂದೆ ಹಾದು ಬರುವಾಗ ಆ ಕಡೆ ತಿರುಗಲಿಲ್ಲ.

ಮೇಡಂ ತಮ್ಮ ಕೋಣೆಯಲ್ಲಿ ಭಾಷಣದ ಕೊನೆಯ ಸಾಲು ತಿದ್ದುತ್ತಿದ್ದರು. ಸೂಟ್‌ಕೇಸು ಆಗಲೇ ಬಾಗಿಲ ಬಳಿ ನಿಂತಿತ್ತು.

“ಮೇಡಂ, ಆ ಪದದ ಅರ್ಥ ಅದಲ್ಲವಂತೆ.”

“ಯಾವ ಪದ?”

“ಸಾಕು.”

“ಮತ್ತೇನಂತೆ?”

“ಇನ್ನೂ ಬೇಕು ಅಂತ. ಮಕ್ಕಳ ಮಾತಂತೆ.”

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಅವನು ಕಾದ. ಅವರಿಗೆ ತಾನಾಗಿಯೇ ತಿಳಿದುಬಿಡಲಿ, ತಾನು ಹೇಳುವುದು ಉಳಿಯಲಿ ಎಂದು ಆಸೆಪಟ್ಟ. ಅವರ ಮುಖ ನಿಧಾನವಾಗಿ ಬೆಳಗಿತು.

“ಅಯ್ಯೋ, ಇದು ಇನ್ನೂ ಚೆನ್ನಾಗಿದೆಯಲ್ಲೋ! ಸಾಕು ಅಂದ್ರೆ ನಮ್ಮಲ್ಲಿ ಬರೀ ಇನ್ನು ಬೇಡ ಅಂತಲೇನು? ಸಾಕು ಅಂದ್ರೆ ಸಲಹು. ನನ್ನನ್ನ ಸಾಕು ಅಂತ ಕೇಳಿದಾರೆ ಕಣೋ ಆ ತಾಯಿ. ನೀನು ಸಾಕಿದೆ.”

“ಸಾಕಿದೆನಾ ಮೇಡಂ?”

“ಮತ್ತೆ? ಎರಡು ವಾರ!” ಅವರು ಆಗಲೇ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದರು. “ಆದ್ರೆ ಇವತ್ತು ವೇದಿಕೆ ಮೇಲೆ ಈ ಗೊಂದಲ ಬೇಡ. ಬ್ಯಾನರು ಬೇರೆ ಆಗ್ಹೋಗಿದೆ. ಊರಿಗೆ ಹೋದ್ಮೇಲೆ ನಿನ್ನ ವರದಿಗೆ ಒಂದು ಅಡಿಟಿಪ್ಪಣಿ ಹಾಕು.”

“ಮೇಡಂ, ಇನ್ನೊಂದು ವಿಷಯ.”

“ಹೇಳು ಬೇಗ.”

“ಆಮೇಲೆ ಹೇಳ್ತೀನಿ.”

ಹೊರಗೆ ಬಂದು ಗೋಡೆಗೆ ಒರಗಿದ. ನರ್ಸಿಗೆ ಹಸಿವನ್ನು ಹೇಳಿದ್ದ, ಪದವನ್ನು ಹೇಳಿರಲಿಲ್ಲ. ಮೇಡಂಗೆ ಪದವನ್ನು ಹೇಳಿದ್ದ, ಹಸಿವನ್ನು ಹೇಳಿರಲಿಲ್ಲ. ಹೇಳಲಿಲ್ಲವೇ ಎಂದು ನಾಳೆ ಯಾರಾದರೂ ಹಿಡಿದು ಕೇಳಿದರೆ, ಹೇಳಿದೆ ಎಂದು ಎದೆ ತಟ್ಟಿಕೊಳ್ಳಬಹುದಿತ್ತು. ಅವನು ಗಡಿಯಾರ ನೋಡಿಕೊಂಡ. ಎರಡೂವರೆ.

ಮೂರಕ್ಕೆ ಸಭೆ. ಹದಿನೆಂಟು ಗಾಲಿಕುರ್ಚಿಗಳನ್ನು ಅರ್ಧಚಂದ್ರದಂತೆ ನಿಲ್ಲಿಸಿದ್ದರು. ಏಳನೆಯ ನಂಬರಿನ ಮುದುಕಿಯನ್ನು ಮುಂದಿನ ಸಾಲಿನ ತುದಿಗೆ ತಂದು, ಮಡಿಲ ಮೇಲೆ ಹೊದಿಕೆ ಹಾಸಿದ್ದರು. ಮೇಡಂ ಮಾತಾಡಿದರು, ದುಭಾಷಿ ಅದನ್ನು ಇಲ್ಲಿಯವರ ಭಾಷೆಯಲ್ಲಿ ಹೇಳಿದಳು, ಸಿಬ್ಬಂದಿ ಚಪ್ಪಾಳೆ ತಟ್ಟಿದರು. ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ ಬಂದು, ಕಡತವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಒರಗಿ ನಿಂತಿದ್ದರು.

“ಮೊಮ್ಮಗ ಎಲ್ಲಿ? ಬಾರೋ ಇಲ್ಲಿ!” ಎಂದು ಲೀಡರ್ ಕೂಗಿದ. ಎಲ್ಲರೂ ನಕ್ಕರು. ಅವನು ಹೋದ.

ಲೀಡರ್ ಅವನ ಕೈಗೆ ಬಟ್ಟಲು, ಚಮಚ ಕೊಟ್ಟ. ತೊಳೆದು ಒರೆಸಿದ ಬಟ್ಟಲು.

“ಇದ್ರಲ್ಲಿ ಏನೂ ಇಲ್ಲ” ಎಂದ ಅವನು.

“ಬೇಕಂತಲೇ ತಂದಿದ್ದು. ಚೆಲ್ಲಿದ್ರೆ ಫೋಟೋ ಕೆಡತ್ತೆ. ಒಳಗೆ ಏನಿದೆ ಅಂತ ಯಾರಿಗೆ ಕಾಣತ್ತೆ? ಬಾಯಿ ಹತ್ರ ಹಿಡಿ, ಅಷ್ಟೆ.”

ಅವನು ಮೊಣಕಾಲೂರಿ ಚಮಚವನ್ನು ಮುದುಕಿಯ ಬಾಯಿಯ ಹತ್ತಿರ ಹಿಡಿದ. ಮುದುಕಿ ಬಾಯಿ ತೆರೆದು, ಕುತ್ತಿಗೆ ಮುಂದೆ ಚಾಚಿ, ಚಮಚವನ್ನು ತುಟಿಯೊಳಗೆ ಎಳೆದುಕೊಂಡಳು. ಗಂಟಲು ಮೇಲೆ ಕೆಳಗೆ ಆಡಿತು. ಚಮಚವನ್ನು ಬಿಡಿಸಿಕೊಳ್ಳಲು ಅವನು ಸ್ವಲ್ಪ ಜಗ್ಗಬೇಕಾಯಿತು.

“ಸಾಕೂ” ಎಂದಳು ಅವನ ಮುಖ ನೋಡಿ.

ತಂಡ ಹೋ ಎಂದಿತು. ಯಾರೋ ಶುರುಮಾಡಿದರು, ಉಳಿದವರು ಚಪ್ಪಾಳೆಯ ತಾಳ ಹಾಕಿ ಸೇರಿಕೊಂಡರು: “ಸಾಕು! ಸಾಕು! ಸಾಕು!” ಅಡುಗೆಯವನೂ ಆಯಾಗಳೂ ಹೊಟ್ಟೆ ಹಿಡಿದು ನಗತೊಡಗಿದರು. ದುಭಾಷಿಯೂ ನಗುತ್ತಿದ್ದಳು, ಮುದುಕಿಯ ತೆರೆದ ಬಾಯಿ ಕಾಣುವವರೆಗೆ. ಅವಳು ಮುದುಕಿಯನ್ನು ನೋಡಿದಳು, ಅವನನ್ನು ನೋಡಿದಳು. ಅವನು ಚಮಚವನ್ನು ನೋಡಿದ.

ಅವಳು ಏನೋ ಅಂದಳು. ಗದ್ದಲದಲ್ಲಿ ಕೇಳಿಸಲಿಲ್ಲ. ಬಾಗಿಲ ಬಳಿ ಡಾಕ್ಟರು ಪೆನ್ನಿಗಾಗಿ ಜೇಬು ತಡಕುತ್ತಿದ್ದರು.

“ಸಾಕು! ಸಾಕು!”

ಎರಡನೆಯ ಸಾಲಿನ ಒಬ್ಬ ಮುದುಕ ಬಾಯಿ ತೆರೆದ. ಅವನನ್ನು ನೋಡಿ ಪಕ್ಕದವಳೂ ತೆರೆದಳು. ಆಮೇಲೆ ಅವಳಾಚೆಯವರು. ದಿನವಿಡೀ ಗಲ್ಲವನ್ನು ಎದೆಗೆ ಒತ್ತಿಕೊಂಡು ಕೂರುತ್ತಿದ್ದವರು ಕೂಡ ತಲೆಯೆತ್ತಿದರು. ಹಲ್ಲಿಲ್ಲದವು, ಒಂದೆರಡು ಹಲ್ಲುಳಿದವು, ಒಂದು ಕಡೆಗೆ ಸೊಟ್ಟಗಾದವು, ಹದಿನೆಂಟು ಬಾಯಿಗಳು ತೆರೆದು ಅವನ ಕಡೆ ತಿರುಗಿದವು.

“ಸೂಪರ್! ಎಲ್ಲರೂ ಹಾಡ್ತಿದಾರೆ!” ಲೀಡರ್ ಹಿಂದೆ ಸರಿದು ಫೋನನ್ನು ಅಡ್ಡ ಹಿಡಿದ. “ಹಾಗೇ ಒಬ್ಬೊಬ್ಬರಿಗೂ ಕೊಟ್ಕೊಂಡು ಬಾ ಮೊಮ್ಮಗ, ನಿಲ್ಲಿಸ್ಬೇಡ.”

ಅವನು ಎದ್ದ. ಖಾಲಿ ಬಟ್ಟಲಿನಲ್ಲಿ ಚಮಚ ಅದ್ದಿ, ಹನಿ ಚೆಲ್ಲದಂತೆ ಅದರ ತಳವನ್ನು ಅಂಚಿಗೆ ಒರೆಸಿ, ಪಕ್ಕದ ಬಾಯಿಯತ್ತ ಬಗ್ಗಿದ.